ಯಾರ್ರಿ ಒಳಗ?

ಕಮಲಾಪುರದ ನಮ್ಮ ಅತ್ತಿ ದವಾಖಾನ್ಯಾಗಿದ್ದ ಹನ್ನೊಂದು ದಿನ ನೀವೆಲ್ಲಾರೂ ಫೋನ್ ಮಾಡಿ ಕೇಳಿದ್ದು ಒಂದೇ ಮಾತು. "ಅಕಿಗಿ ಗೊತ್ತಾಗ್ತದೇನು?" ಬೀದರ ವೈನಿ ಕೇಳಿದ್ರು, ಸೊಲ್ಲಾಪುರದ ಚಿಕ್ಕವ್ವ ಕೇಳಿದ್ಳು, ಬಾಜೂ ಮನಿ ಆಪಾ ಮುಂಜಾನಿ ಹಾಲ ತಗೋವಾಗ ದಿನಾ ಕೇಳಿದ್ರು. ಆಗ ನಾ "ಡಾಕ್ಟರ್ ನೋಡ್ಲತ್ತಾರ" ಅಂತ ಅಷ್ಟೇ ಅಂದೆ, ಯಾಕಂದ್ರ ಆ ಗದ್ದಲದಾಗ ಅದಕ್ಕಿಂತ ಜಾಸ್ತಿ ಹೇಳಲಿಕ್ಕ ಆಗ್ತಿದ್ದಿಲ್ಲ. ಈಗ ಅತ್ತಿ ಮನಿಗಿ ಬಂದು ಎರಡು ತಿಂಗಳಾಯ್ತು, ನನಗೂ ಕೂತು ಬರಿಲಿಕ್ಕ ವ್ಯಾಳ್ಯಾ ಸಿಕ್ಕದ. ನಿಮ್ಮ ಪ್ರಶ್ನಿ ಸಣ್ಣದಲ್ರೆವ್ವಾ. ಒಂದು ದೇಹ ನಮ್ಮ ಮುಂದ ಮಲಗ್ಯಾದ, ಉಸಿರಾಡ್ತದ, ಬೆಚ್ಚಗದ. ಅದರ ಒಳಗ ಯಾರಾರ ಅದಾರೋ ಇಲ್ಲೋ ಅಂತ ಹೊರಗ ನಿಂತವರು ಹ್ಯಾಂಗ ತಿಳಕೋಬೇಕು?

ಮೊದಲು ನಮ್ಮ ಮಾತನ್ನೇ ನೋಡ್ರಿ. ಎಚ್ಚರ ಅಂತೀವಿ, ಖಬರ ಅಂತೀವಿ, ಅರಿವು ಅಂತೀವಿ. ಬಾಯಿಗಿ ಬಂದದ್ದು ಅಂದುಬಿಡ್ತೀವಿ, ಆದ್ರ ಮೂರೂ ಒಂದಲ್ಲ. ಒಲಿ ಮ್ಯಾಲ ಹಾಲ ಉಕ್ಕಿ ಹೋಗ್ಲತ್ತದ, ಸೊಸಿ ಅಲ್ಲೇ ನಿಂತಾಳ, ಕಣ್ಣೂ ತೆರದಾವ, ಆದ್ರ ಅಕಿ ಮನಸು ತವರಮನ್ಯಾಗದ. ಅತ್ತಿ ಒಳಗಿಂದ ಒದರ್ತಾಳ, "ಖಬರ ಅದನ ನಿನಗ?" ಅಂತ. ಎಚ್ಚರ ಅದ, ಖಬರಿಲ್ಲ. ಡಾಕ್ಟರ್ ಮಂದಿನೂ ಹಿಂಗೇ ಎರಡು ಭಾಗ ಮಾಡ್ತಾರ. ಎಚ್ಚರ ಇಡೋದು ಮಿದುಳಿನ ಬುಡದಾಗಿನ ಕಾಂಡ. ಖಬರಕ್ಕ ಮ್ಯಾಲಿನ ಸುಕ್ಕುಗಟ್ಟಿದ ಪದರ ಬೇಕು. ಕಾಂಡ ನೆಟ್ಟಗಿದ್ದು ಮ್ಯಾಲಿಂದು ಕೆಟ್ಟುಹೋದ್ರ ಮನಷ್ಯಾ ಕಣ್ಣ ತೆರೀತಾನ, ಮುಚ್ಚತಾನ, ಆಕಳಸ್ತಾನ, ನೋಡಿದವರಿಗಿ "ಅಯ್ಯ, ಎದ್ದನಲ್ಲ" ಅನಸ್ತದ, ಆದ್ರ ಖಬರಿರಲ್ಲ. ಮೂರನೇದ್ದು ಅರಿವು. ಇಲ್ಲಿಂದ ಸನಿಹದ ಕಲ್ಯಾಣದಾಗ ಹನ್ನೆರಡನೇ ಶತಮಾನದ ಶರಣರು ಎತ್ತಿ ಹಿಡದ ಮಾತು ಅದು. ಖಬರ ಅದ ಅಂತ ತನಗ ತಾನೇ ಗೊತ್ತಾಗೋದು ಅಂತ ಸದ್ಯಕ್ಕ ಇಟ್ಟುಕೊಳ್ಳೋಣ.

ಅತ್ತಿಗಿ ಲಕ್ವಾ ಹೊಡದದ್ದು ನಿದ್ದಿಯೊಳಗ. ಮುಂಜಾನಿ ಏಳಲಿಲ್ಲ ಅಂತ ಸೊಸಿ ಹೋಗಿ ನೋಡಿದಾಗ ಬಲಗಡಿ ಕೈಕಾಲು ಸಡ್ಲ ಬಿದ್ದಿದ್ದವು, ಬಾಯಿ ಸೊಟ್ಟ ಆಗಿತ್ತು. ಕಮಲಾಪುರದಿಂದ ಕಲಬುರಗಿ ಹುಮನಾಬಾದ ರಸ್ತಾದಾಗ ಭಾಳಂದ್ರ ಒಂದು ತಾಸಿನ ಹಾದಿ. ರಕ್ತದ ಗಂಟು ಕರಗಸೋ ಇಂಜೆಕ್ಷನ್ ಅದ, ಖರೇ, ಆದ್ರ ಅದನ್ನ ಲಕ್ವಾ ಹೊಡದ ನಾಲ್ಕೂವರಿ ತಾಸಿನೊಳಗ ಕೊಡಬೇಕು. ನಿದ್ದಿಯೊಳಗ ಎಷ್ಟೊತ್ತಿಗಿ ಹೊಡೀತು ಯಾರಿಗಿ ಗೊತ್ತು? (ನಿಮ್ಮ ಅಡಗಿಮನಿ ಕ್ಯಾಲೆಂಡರ್ ಮ್ಯಾಲ ಬರದಿಡ್ರಿ: ಬಾಯಿ ಸೊಟ್ಟಾದ್ರ, ಒಂದು ಕೈ ಬಿದ್ರ, ಮಾತು ತೊದಲಿದ್ರ ಗಡಿಯಾರ ನೋಡಿ ಸೀದಾ ದವಾಖಾನಿಗಿ. ಎಣ್ಣಿ ಹಚ್ಚೋರ ಕಡಿ ಹೋಗಿ ಹೊತ್ತ ಕಳೀಬ್ಯಾಡ್ರಿ.)

ದವಾಖಾನ್ಯಾಗ ಸಿಸ್ಟರ್ ಬಂದು ಬಂದು ಅತ್ತಿಗಿ ಅಂಕ ಹಾಕ್ತಿದ್ಳು, ಸಾಲಿ ಮಾಸ್ತರ್ ಹಾಕಿದಂಗ. ಕಣ್ಣಿಗಿ ನಾಕು, ಮಾತಿಗಿ ಐದು, ಕೈಕಾಲ ಹಂದಾಟಕ್ಕ ಆರು, ಒಟ್ಟು 15. ಏನೂ ಇಲ್ಲದಿದ್ರೂ 3 ಸಿಗ್ತಾವ, ಸೊನ್ನಿ ಅಂತ ಇಲ್ಲೇ ಇಲ್ಲ. ಇದಕ್ಕ ಗ್ಲಾಸ್ಗೋ ಸ್ಕೇಲ್ ಅಂತಾರ, ಸ್ಕಾಟ್‌ಲ್ಯಾಂಡ್‌ದ ಗ್ಲಾಸ್ಗೋ ಊರಿನ ಟೀಸ್‌ಡೇಲ್, ಜೆನೆಟ್ ಅನ್ನೋ ಇಬ್ಬರು ಡಾಕ್ಟರ್ 1974ರಾಗ ಮಾಡಿದ್ದು. ಅತ್ತಿದು ಮೊದಲ ದಿನ 9 ಇತ್ತು. ಚುಚ್ಚಿದ್ರ ಕಣ್ಣ ತೆರೀತಿದ್ಳು, ನರಳ್ತಿದ್ಳು, ಎಡಗೈಲೆ ಸಿಸ್ಟರ್ ಕೈ ಸರಸ್ತಿದ್ಳು. ಕರದ್ರ ಮಾತ್ರ ಓ ಅನ್ನಲಿಲ್ಲ. ಭಾಳ ಉಪಯೋಗದ ಲೆಕ್ಕ ಇದು, ನಾ ತೆಗಳಂಗಿಲ್ಲ. ಆದ್ರ ಇದರಾಗ ಎಲ್ಲಾ ಹೊರಗಿಂದೇ ನೋಡೋದು. ಬಾಗಿಲ ಬಡದು, ತಗೀತಾರೋ ಇಲ್ಲೋ ಅಂತ ಎಣಸೋದು. ತಗೀದಿದ್ರ ಒಳಗ ಯಾರೂ ಇಲ್ಲ ಅಂತನೋ, ಇದ್ದೂ ಎದ್ದು ಬರಲಿಕ್ಕ ಆಗವಲ್ದು ಅಂತನೋ? ಅದನ್ನ ಅಂಕ ಹೇಳಲ್ಲ.

ನಾಲ್ಕನೇ ದಿನಕ್ಕ ಹಾಸಿಗಿ ಸುತ್ತ ಮಂದಿ ಮಾತೇ ಬದಲಾಯ್ತು. "ಅಕಿಗಿ ಏನೂ ಗೊತ್ತಾಗಲ್ಲ ಬಿಡು" ಅಂತ ಒಬ್ಬರು ಅಂದ್ರು, ಆ ಒಂದು ಮಾತಿಂದ ಎಲ್ಲಾರ ಬಾಯಿ ಸಡ್ಲಾಯ್ತು. ಬಾಳಿ ತೋಟ ಯಾರಿಗಿ, ಬ್ಯಾಂಕಿನ್ಯಾಗ ಇಟ್ಟ ರೊಕ್ಕ ಎಷ್ಟು, ಅಕಿ ಬಂಗಾರ ಯಾವ ಟ್ರಂಕಿನ್ಯಾಗದ, ಎಲ್ಲಾ ಅಕಿ ತಲಿಹಂತೇಕೇ ನಡೀತು. (ಹಿಂದೂ ಮನಿ ಆಸ್ತಿಯ ಕಟ್ಟಳಿ ಬರದ ಮಿತಾಕ್ಷರದ ವಿಜ್ಞಾನೇಶ್ವರ ನಮ್ಮ ಮರತೂರಿನವರು ಅಂತ ನಾವು ಎದಿ ಉಬ್ಬಿಸಿ ಹೇಳ್ತೀವಿ, ಆಸ್ತಿ ಮಾತು ಎಲ್ಲಿ ಕೂತು ಆಡಬೇಕು ಅನ್ನೋದೂ ಒಂದು ಕಟ್ಟಳಿ ಇದ್ದಿದ್ರ ಛಲೋ ಆಗ್ತಿತ್ತು.) ಅದರ ಹಿಂದೇ ಇನ್ನೊಂದು ಮಾತು ಬಂತು. "ರೊಕ್ಕ ಸುಮ್ಮ ಹೊಂಟದ. ಮೂಗಿನ ನಳಿಗಿ ತಗದು ಮನಿಗಿ ಒಯ್ಯೋಣ. ಅಕಿ ಏನ್ ತಿಳದು ತ್ರಾಸ ಪಡ್ತಾಳೇನು?" ಇದನ್ನ ಹೇಳಿದವರು ಕೆಟ್ಟವರಲ್ಲ. ಅತ್ತಿ ಮ್ಯಾಲ ಜೀವ ಇಟ್ಟವರೇ. ಆದ್ರ ಅವರ ಇಡೀ ನಿರ್ಣಯ ನಿಂತದ್ದು ಆ ಒಂದು ಮಾತಿನ ಮ್ಯಾಲ, "ಗೊತ್ತಾಗಲ್ಲ" ಅನ್ನೋದರ ಮ್ಯಾಲ. ಅದು ಅವರಿಗಿ ಹ್ಯಾಂಗ ಗೊತ್ತಾಯ್ತು? ಅವತ್ತು ರಾತ್ರಿ ಬೆಂಚಿನ ಮ್ಯಾಲ ಕೂತು ಮೊಬೈಲಿನ್ಯಾಗ ಓದಲಿಕ್ಕ ಶುರು ಮಾಡಿದೆ. ಮುಂದ ಮನಿಗಿ ಬಂದ ಮ್ಯಾಲೂ ಬಿಡಲಿಲ್ಲ.

ಆ ಗ್ಲಾಸ್ಗೋ ಸ್ಕೇಲ್ ಬಂದ 1974ರಾಗೇ ಅಮೆರಿಕದ ಥಾಮಸ್ ನೇಗಲ್ ಅನ್ನೋ ತತ್ವಜ್ಞಾನಿ ಒಂದು ಲೇಖನ ಬರದ. ತೊಗಲಬಾವಲಿ ಆಗಿರೋದು ಹ್ಯಾಂಗಿರ್ತದ, ಇದು ಅವನ ಪ್ರಶ್ನಿ. ನಮ್ಮೂರ ಹಳೇ ಗುಮ್ಮಟದ ಕಡಿ ಸಂಜಿಮುಂದ ತೊಗಲಬಾವಲಿ ಹಾರೋದು ನೀವು ನೋಡೀರಿ. ಸಣ್ಣ ಬಾವಲಿಗೋಳು ಕೂಗಿ, ಆ ಕೂಗು ಗ್ವಾಡಿಗಿ ಬಡದು ಹೊಳ್ಳಿ ಬಂದದ್ದು ಕೇಳಿ ಹಾದಿ ಹಿಡೀತಾವ. ಅದರ ಕಿವಿ, ಮಿದುಳು, ರೆಕ್ಕಿ ಎಲ್ಲಾ ಕೊಯ್ದು ನೋಡಿ ಪುಸ್ತಕ ಬರೀಬಹುದು. ಆದ್ರ ಆ ಬಾವಲಿಗಿ ಒಳಗ ಹ್ಯಾಂಗ ಅನಸ್ತದ ಅನ್ನೋದು ಆ ಪುಸ್ತಕದಾಗ ಸಿಗಲ್ಲ ಅಂದ ನೇಗಲ್. ಹೊರಗಿನ ಲೆಕ್ಕಕ್ಕ ಗ್ಲಾಸ್ಗೋದವರು ಒಂದು ಪಟ್ಟಿ ಕೊಟ್ಟ ವರ್ಷದಾಗೇ, ಒಳಗಿಂದು ಯಾವ ಪಟ್ಟಿಗೂ ಸಿಗಲ್ಲ ಅಂತ ಇಂವ ಬರದ. ಒಬ್ಬರ ಸುದ್ದಿ ಒಬ್ಬರಿಗಿ ಗೊತ್ತಿತ್ತೋ ಇಲ್ಲೋ, ನನಗಂತೂ ಎರಡೂ ಅತ್ತಿ ಹಾಸಿಗಿ ಎರಡು ಬಾಜೂ ನಿಂತಂಗ ಕಂಡವು.

ಬಾವಲಿ ಯಾಕ ಬೇಕು, ನಮ್ಮ ಬಾಳಿಹಣ್ಣೇ ಸಾಕು. ಕಮಲಾಪುರದ ಕೆಂಪು ಬಾಳಿ, ಜಿಐ ಟ್ಯಾಗ್ ಸಿಕ್ಕ ಹಣ್ಣು, ಅತ್ತಿ ತೋಟದಾಗ ಅಕಿ ಲಗ್ನ ಆಗಿ ಬಂದಾಗಿಂದ ಅದ. ಸಾದಾ ಬಾಳಿಗಿಂತ ಜಾಸ್ತಿ ತಿಂಗಳು ಕಾಯಿಸ್ತದ, ರೇಟೂ ಜಾಸ್ತಿ, ಅದಕ್ಕೇ ಶ್ರೀಮಂತರ ಹಣ್ಣು ಅಂತಾರ. ಐದಾರು ವರ್ಷದ ಹಿಂದ ಅತ್ತಿಗಿ ಮೋತಿಬಿಂದು ಆಪರೇಷನ್ ಆಯ್ತು. ಪಟ್ಟಿ ಬಿಚ್ಚಿ ಮನಿಗಿ ಬಂದ ಮ್ಯಾಲ ಅಕಿ ಗೊನಿ ಮುಂದ ನಿಂತು, "ಇಷ್ಟ ದಿನ ಇದು ಇಟ್ಟಂಗಿ ಬಣ್ಣ ಕಾಣ್ತಿತ್ತಲ್ಲೇ, ಇದೇನು ಹಿಂಗ ಕುಂಕುಮ ಕಲಸಿದಂಗ ಅದ! ಸೀರಿ ಸೆರಗು ನೋಡು, ಬಿಳೇದು ಅಂತ ತಿಳಕೊಂಡಿದ್ದೆ, ನೀಲಿ ಹಾಕಿ ಹಿಂಡಿದಂಗ ಅದ" ಅಂದಿದ್ಳು. ಕಾರಣ ಸರಳ ಅದ. ವಯಸ್ಸಾದಂಗ ಕಣ್ಣಾಗಿನ ಮಸೂರ ಹಳದಿಗಟ್ಟಿ ನೀಲಿ ಬೆಳಕನ್ನ ತಡೀತದ. ಅದನ್ನ ತಗದು ಹೊಸಾದು ಕೂಡಿಸಿದ್ರ ತಡದ ಬೆಳಕು ಮತ್ತ ಒಳಗ ಬರ್ತದ, ಎಲ್ಲಾ ಬಣ್ಣ ಝಗ್ ಅಂತಾವ.

ಈಗ ವಿಚಾರ ಮಾಡ್ರಿ. ಗೊನಿ ಬದಲಾಗಿಲ್ಲ, ಹಣ್ಣಿನ ಸಿಪ್ಪಿ ಬದಲಾಗಿಲ್ಲ, ಅದಕ್ಕ ಬಡದು ಬರೋ ಬೆಳಕೂ ಅದೇ. ಬದಲಾದದ್ದು ಅತ್ತಿ ಕಣ್ಣಾಗಿನ ಒಂದು ಸಣ್ಣ ಬಿಲ್ಲಿ. ಆ ಒಂದು ಜಡ ವಸ್ತು ಬದಲಾದ್ರ ಅಕಿ ಒಳಗಿನ ಕೆಂಪೇ ಬದಲಾಯ್ತು. ಹಂಗಾದ್ರ ಕೆಂಪು ಅನ್ನೋದು ಹಣ್ಣಿನ್ಯಾಗ ಅದನೋ, ಕಣ್ಣಾಗೋ, ಇಲ್ಲಾ ಮತ್ತೆಲ್ಲೋ? (ನಮ್ಮ ಮನ್ಯಾವರಿಗಿ ಕುಂಕುಮ ಬಣ್ಣದ ಸೀರಿ, ಇಟ್ಟಂಗಿ ಬಣ್ಣದ ಸೀರಿ ಎರಡೂ ಒಂದೇ. ಅವರ ಕೆಂಪು ಎಂಥಾದಿರಬೇಕು ಅಂತ ನನಗ ಈಗೂ ಸಂಶಯ.) ಆಸ್ಟ್ರೇಲಿಯಾದ ಫ್ರಾಂಕ್ ಜಾಕ್ಸನ್ 1982ರಾಗ ಮೇರಿ ಅನ್ನೋ ಒಬ್ಬ ಹೆಣ್ಣುಮಗಳ ಕಥಿ ಕಟ್ಟಿದ. ಅಕಿ ಹುಟ್ಟಿದಾಗಿಂದ ಕಪ್ಪು ಬಿಳಿ ಖೋಲ್ಯಾಗೇ ಬೆಳದಾಳ, ಆದ್ರ ಬಣ್ಣದ ಬಗ್ಗೆ ವಿಜ್ಞಾನ ಹೇಳೋದೆಲ್ಲಾ ಓದಿ ಮುಗಿಸ್ಯಾಳ. ಬೆಳಕಿನ ಅಲಿ ಎಷ್ಟುದ್ದ, ಕಣ್ಣ ಏನ್ ಮಾಡ್ತದ, ಮಿದುಳು ಏನ್ ಮಾಡ್ತದ, ಎಲ್ಲಾ. ಒಂದಿನ ಬಾಗಿಲ ತಗದು ಹೊರಗ ಬಂದು ಮೊದಲ ಸಲ ಕೆಂಪು ಹಣ್ಣು ನೋಡ್ತಾಳ. ಆಗ ಅಕಿಗಿ ಏನಾರ ಹೊಸಾದು ಗೊತ್ತಾಯ್ತೋ ಇಲ್ಲೋ? ಗೊತ್ತಾಯ್ತು ಅಂದ್ರ, ಜಡದ ಲೆಕ್ಕ ಪೂರಾ ಮುಗದ ಮ್ಯಾಲೂ ಏನೋ ಉಳೀತು ಅಂತಾಯ್ತು. ಮುಂದ ಜಾಕ್ಸನ್ ತಾನೇ ಮನಸು ಬದಲು ಮಾಡಿ, ಹಂಗಲ್ಲ, ಎಲ್ಲಾ ಜಡದಾಗೇ ಬರ್ತದ ಅಂದ. ಕಥಿ ಮಾತ್ರ ಅವನ ಕೈ ಬಿಟ್ಟು ಓಡ್ಯಾಡ್ಲತ್ತದ. ಅತ್ತಿ ಗೊನಿ ಮುಂದ ನಿಂತಿದ್ದು ನಾ ನೋಡೀನಿ, ಹಂಗಂತ ನನ್ನ ವೋಟು ಜಾಕ್ಸನ್ನನ ಮೊದಲಿನ ಮಾತಿಗೇ.

ಕಲಬುರಗಿಯವರಿಗಿ ಇನ್ನೊಂದು ಕಥಿ ಭಾಳ ಛಲೋ ಹೊಂದ್ತದ. ಜರ್ಮನಿಯ ಲೈಬ್ನಿಟ್ಸ್ 1714ರಾಗ ಬರದದ್ದು. ವಿಚಾರ ಮಾಡೋ ಒಂದು ಯಂತ್ರ ಅದ ಅಂತ ತಿಳೀರಿ, ಅದನ್ನ ಗಿರಣಿಯಷ್ಟು ದೊಡ್ಡದು ಮಾಡಿ ಒಳಗ ಹೋಗಿ ಅಡ್ಡಾಡಿ ನೋಡ್ರಿ ಅಂದ ಅಂವ. ನಮ್ಮ ದಾಲ್ ಮಿಲ್ಲೇ ಅಂತ ತಿಳೀರಿ. ತೊಗರಿ ಒಂದು ಕಡಿ ಬೀಳ್ತದ, ರೋಲರ್ ತಿರಗ್ತದ, ಜಲ್ಲಡಿ ಅಲುಗ್ತದ, ಹೊಟ್ಟು ಒಂದು ಕಡಿ, ಬ್ಯಾಳಿ ಒಂದು ಕಡಿ. ಒಂದು ತುಕಡಿ ಇನ್ನೊಂದನ್ನ ದೂಡೋದು ಕಾಣ್ತದ, ಅಷ್ಟೇ. "ಇಗೋ, ಇಲ್ಲಿ ಈ ಗಿರಣಿಗಿ ನೋವಾಗ್ಲತ್ತದ" ಅಂತ ತೋರಸೋ ಜಾಗ ಎಲ್ಲೂ ಸಿಗಲ್ಲ. ನಮ್ಮ ತಲಿಯೂ ಹಂಗೇ. ತೂಕ ಸುಮಾರು 1.4 ಕಿಲೋ, ಒಂದು ಕುಂಬಳಕಾಯಿ ಹೋಳಿನಷ್ಟು. ಮೈ ತೂಕದಾಗ ನೂರಕ್ಕ ಎರಡು ಪಾಲು, ಆದ್ರ ನಾವು ಉಂಡ ಕೂಳಿನ ಶಕ್ತಿಯೊಳಗ ಐದರಾಗ ಒಂದು ಪಾಲು ಅದೇ ತಿಂತದ. ಸುಮಾರು 8,600 ಕೋಟಿ ನರಕೋಶ. ಒಂದರಿಂದ ಒಂದಕ್ಕ ಉಪ್ಪಿನಂಶ ಹೋಗಿ ಬಂದು ಸಣ್ಣ ಕರೆಂಟ್ ಹರೀತದ. ಇದೆಲ್ಲಾ ಖರೇ. ಆದ್ರ ಈ ಕರೆಂಟು ಹರದ್ರ ಶೇಂಗಾ ಹಿಂಡಿ ರುಚಿ ಯಾಕ ಆಗಬೇಕು? ಕತ್ತಲ್ಯಾಗೇ ಎಲ್ಲಾ ಕೆಲಸ ಮುಗೀಬಹುದಿತ್ತಲ್ಲ, ದಾಲ್ ಮಿಲ್ಲಿನಂಗ? ಈ ಪ್ರಶ್ನಿಗಿ 1995ರಾಗ ಡೇವಿಡ್ ಚಾಮರ್ಸ್ ಅನ್ನೋವ "ಕಠಿಣ ಸಮಸ್ಯೆ" ಅಂತ ಹೆಸರಿಟ್ಟ. ಕ್ರಿಸ್ಟಾಫ್ ಕಾಖ್ ಅನ್ನೋ ಮಿದುಳಿನ ವಿಜ್ಞಾನಿ 1998ರಾಗ ಅವನ ಜೋಡಿ ಪಂದ್ಯ ಕಟ್ಟಿದ: 25 ವರ್ಷದೊಳಗ ಅರಿವಿನ ಗುರ್ತು ಮಿದುಳಿನ್ಯಾಗ ಸ್ಪಷ್ಟ ಹಿಡದು ತೋರಸ್ತೀವಿ ಅಂತ. 2023ರಾಗ ನ್ಯೂಯಾರ್ಕಿನ್ಯಾಗ ಎಲ್ಲಾರ ಮುಂದ ಸೋಲೊಪ್ಪಿ ದ್ರಾಕ್ಷಾರಸದ ಬಾಟಲಿ ಕೊಟ್ಟ. ನಗಾಡಕೊಂತ ಕೊಟ್ಟ ಅನ್ರಿ, ಆದ್ರೂ ಸೋತ.

ಹಂಗಂತ ಅರಿವು ದೇಹಕ್ಕ ಸಂಬಂಧ ಇಲ್ಲದ್ದು ಅಂತ ಅನ್ನಲಿಕ್ಕೂ ಬರಲ್ಲ. ಹೆತ್ತವರಿಗಿ ಇದು ಗೊತ್ತದ. ಬೆನ್ನಿಗಿ ಸೂಜಿ ಚುಚ್ಚಿ ಸಿಜೇರಿಯನ್ ಮಾಡಿದ್ರ ಸೊಂಟದ ಕೆಳಗಿಂದು ಯಾರದೋ ಆದಂಗ ಆಗ್ತದ, ಆದ್ರ ನಾವು ಪೂರಾ ಎಚ್ಚರ, ಡಾಕ್ಟರ್ ಮಾತು ಕೇಳಸ್ತದ. ಅದೇ ಪೂರಾ ಅನಸ್ತೇಶಿಯಾ ಕೊಟ್ರ ಹತ್ತರಿಂದ ಹಿಂದಕ್ಕ ಎಣಸಂತಾರ, ಏಳು ಬರೂದ್ರಾಗ ನಾವೇ ಇರಲ್ಲ. ಒಂದೆರಡು ಔಷಧದಿಂದ ಆರಿಹೋಗೋ ದೀಪ ಅದು. ತದ್ವಿರುದ್ಧನೂ ಆಗ್ತದ: ಫೋನಿನ್ಯಾಗ ಕೆಟ್ಟ ಸುದ್ದಿ ಕೇಳಿದ್ರ ಬರೇ ಮಾತು ಅದು, ಯಾರೂ ಹೊಡದಿಲ್ಲ, ಆದ್ರ ಕೈಕಾಲು ತಣ್ಣಗಾಗ್ತಾವ.

ಈ ಹೊಂದಾಣಿಕಿ ಹ್ಯಾಂಗ ಆಗ್ತದ ಅಂತ ಸರಿಯಾಗಿ ಕೇಳಿದಾಕಿ ಒಬ್ಬ ಹೆಣ್ಣುಮಗಳು, ಅದನ್ನ ನಿಮಗ ಹೇಳಲೇಬೇಕು. ಫ್ರಾನ್ಸಿನ ದೆಕಾರ್ತ್ 1641ರಾಗ ಒಂದು ಪುಸ್ತಕ ಬರದು, ಮನಸೇ ಬ್ಯಾರೆ ವಸ್ತು, ದೇಹವೇ ಬ್ಯಾರೆ ವಸ್ತು ಅಂದಿದ್ದ. ಮನಸಿಗಿ ಉದ್ದ ಅಗಲ ಇಲ್ಲ, ದೇಹಕ್ಕ ಅದ. ಎರಡು ವರ್ಷದ ಮ್ಯಾಲ, 1643ರ ಮೇದಾಗ, ಬೊಹೆಮಿಯಾದ ರಾಜಕುಮಾರಿ ಎಲಿಸಬೆತ್ ಅವನಿಗಿ ಕಾಗದ ಹಾಕಿದ್ಳು. ಅಕಿಗಿ 24 ವಯಸ್ಸು. ಅಪ್ಪ ರಾಜ್ಯ ಕಳಕೊಂಡು, ಮನಿ ಮಂದಿ ಹಾಲೆಂಡಿನ ಹೇಗ್ ಊರಾಗ ಬ್ಯಾರೆಯವರ ಆಸರದಾಗ ಇದ್ರು. ಅಕಿ ಪ್ರಶ್ನಿ ಅಡಗಿಮನಿಯಾಗಿನ ಪ್ರಶ್ನಿಯಷ್ಟೇ ನೇರ: ಒಂದು ವಸ್ತು ಇನ್ನೊಂದನ್ನ ದೂಡಬೇಕಂದ್ರ ಮುಟ್ಟಬೇಕು. ಮುಟ್ಟಲಿಕ್ಕ ಮೈ ಬೇಕು. ಮೈಯೇ ಇಲ್ಲದ ಮನಸು ಕೈ ಎತ್ತಿಸೋದು ಹ್ಯಾಂಗ?

ದೆಕಾರ್ತ್ ಸುತ್ತುಬಳಸಿ ಉತ್ತರ ಕೊಟ್ಟ. ಅಕಿ ಒಪ್ಪಲಿಲ್ಲ. ಮೈ ಇಲ್ಲದ್ದು ಮೈಯನ್ನ ನಡಸ್ತದ ಅಂತ ನಂಬೋದಕ್ಕಿಂತ, ಮನಸಿಗೂ ಒಂದು ಮೈ ಅದ ಅಂತ ನಂಬೋದೇ ನನಗ ಹಗುರ ಅಂತ ಜೂನ್‌ದಾಗ ಮತ್ತ ಬರದ್ಳು. ಅದೇ ಕಾಗದದಾಗ, ಮನಿ ಜವಾಬ್ದಾರಿ, ಬಂದು ಹೋಗೋ ಮಂದಿ ಗದ್ದಲದಾಗ ನಿನ್ನಂಗ ಕೂತು ಧ್ಯಾನ ಮಾಡಲಿಕ್ಕ ನನಗ ಹೊತ್ತಿಲ್ಲಪಾ ಅನ್ನೋ ಅರ್ಥದ ಮಾತೂ ಹೇಳಿಕೊಂಡಾಳ. ಇದನ್ನ ಓದಿ ನನಗ ಅಕಿ ನಮ್ಮ ಓಣ್ಯಾಕಿನೇ ಅನಸ್ತು. ಅದಕ್ಕ ದೆಕಾರ್ತ್ ಕೊಟ್ಟ ಜವಾಬು ಅವನ ಎಲ್ಲಾ ಪುಸ್ತಕಕ್ಕಿಂತ ನನಗ ಛಲೋ ಅನಸ್ತದ: ದೇಹ ಮನಸು ಕೂಡಿರೋದು ಕಣ್ಮುಚ್ಚಿ ವಿಚಾರ ಮಾಡಿದ್ರ ತಿಳಿಯಲ್ಲ, ದಿನಾ ಬಾಳೇವು ಮಾಡಕೊಂತ, ಮಂದಿ ಜೋಡಿ ಮಾತಾಡಕೊಂತ ಇದ್ದವರಿಗೇ ತಿಳೀತದ ಅಂದ. ಇದು ಉತ್ತರ ಅಲ್ಲ, ಖರೇ, ಜಾರಿಕೊಂಡಂಗೇ ಅದ. ಅವರಿಬ್ಬರ ಕಾಗದ ಅಂವ 1650ರಾಗ ಸಾಯೋತನಕ ನಡದವು. ಕಡೀಗಿ ಮಿದುಳಿನ ನಡಬರಕ ಒಂದು ಸಣ್ಣ ಗ್ರಂಥಿ ಅದ, ಅಲ್ಲಿ ಇಬ್ಬರೂ ಭೇಟಿ ಆಗ್ತಾರ ಅಂತ ಬರದ. ಭೇಟಿ ಆಗೋ ಜಾಗ ಹೇಳಿದ, ಮುಟ್ಟೋದು ಹ್ಯಾಂಗ ಅಂತ ಹೇಳಲಿಲ್ಲ.

ನಮ್ಮ ಕಡಿ ಇದರ ಜಗಳ ಇನ್ನೂ ಹಳೇದು. ಚಾರ್ವಾಕರು, ಅಂದ್ರ ದೇಹ ಬಿಟ್ಟು ಆತ್ಮ ಇಲ್ಲ ಅಂದವರು, ಕೊಟ್ಟ ಉದಾಹರಣಿ ಕೇಳ್ರಿ, ಊಟದ ಮ್ಯಾಲ ನೀವು ದಿನಾ ಮಾಡೋದೇ ಅದ. ಎಲಿ ಹಸರು, ಸುಣ್ಣ ಬಿಳೇದು, ಅಡಕಿ ಕಂದು. ಮೂರರಾಗ ಯಾವುದರಾಗೂ ಕೆಂಪಿಲ್ಲ. ಕೂಡಿಸಿ ಅಗದ್ರ ಬಾಯಿ ಕೆಂಪಗಾಗ್ತದ. ಹಂಗೇ ಮಣ್ಣು ನೀರು ಬೆಂಕಿ ಗಾಳಿ ಕೂಡಿದ್ರ ಅರಿವು ಹುಟ್ಟತದ, ಬ್ಯಾರೆ ಜೀವ ಅಂತ ಹೊರಗಿಂದ ಬಂದು ಕೂಡಬೇಕಾಗಿಲ್ಲ. ಇಷ್ಟು ಸೊಗಸಾದ ಉದಾಹರಣಿ ಪರದೇಶದ ಪುಸ್ತಕದಾಗ ನನಗ ಸಿಗಲಿಲ್ಲ. ಆದ್ರ ಒಂದು ತೊಡಕದ. ಎಲಿಡಕಿ ಕೆಂಪು ಬಾಯಿ ತೆರದ್ರ ಎಲ್ಲಾರಿಗೂ ಕಾಣ್ತದ. ಅರಿವು ಹಂಗ ಯಾರ ಮುಂದೂ ತೆರದು ತೋರಸಲಿಕ್ಕ ಬರಲ್ಲ. ಮತ್ತ ಆ ಕೆಂಪು "ಕೆಂಪು" ಅಂತ ಅನಸಬೇಕಂದ್ರ ನೋಡೋವರು ಒಬ್ಬರು ಮೊದಲೇ ಇರಬೇಕಲ್ಲ?

ಈ ಮಾತಿಗಿ ಎದುರಾಳಿ ನಮ್ಮ ಜಿಲ್ಲಾದಾಗೇ ಅದಾರ. ಕಾಗಿಣಾ ದಂಡಿ ಮಳಖೇಡಕ್ಕ ಮಂದಿ ಯಾರ ದರ್ಶನಕ್ಕ ಹೋಗ್ತಾರೋ ಆ ಜಯತೀರ್ಥರು, ಟೀಕಾಚಾರ್ಯರು, 14ನೇ ಶತಮಾನದಾಗ ಮಧ್ವಾಚಾರ್ಯರ ಗ್ರಂಥಕ್ಕ ಟೀಕಾ ಬರದವರು. ಅವರ ಮತದಾಗ ಐದು ಭೇದ ಅವ, ಅದರಾಗ ಒಂದು ಜೀವಕ್ಕೂ ಜಡಕ್ಕೂ ಇರೋ ಭೇದ. ಎಂದೆಂದಿಗೂ ಅಳೀದ ಭೇದ. ಒಳಗ ಸಾಕ್ಷಿ ಅಂತ ಒಂದದ, ಸುಖ ದುಃಖ ಆಯ್ತು ಅಂತ ಅದಕ್ಕ ನೇರ ಗೊತ್ತಾಗ್ತದ, ನಡಬರಕ ಯಾರೂ ಬ್ಯಾಡ ಅಂತಾರ. ಸಾಂಖ್ಯದವರು ಕುಂಟ ಕುರುಡರ ಕಥಿ ಹೇಳ್ತಾರ: ಕಾಣೋ ಕುಂಟ ಪುರುಷ, ನಡಿಯೋ ಕುರುಡಿ ಪ್ರಕೃತಿ, ಒಬ್ಬರ ಹೆಗಲ ಮ್ಯಾಲ ಒಬ್ಬರು. ಎಲಿಸಬೆತ್ ಇಲ್ಲಿ ಬಂದಿದ್ರ ಇವರಿಗೂ ಬಿಡ್ತಿದ್ದಿಲ್ಲ, ಕುಂಟ ಕುರುಡಿಗಿ ಹಾದಿ ಹೇಳಲಿಕ್ಕ ಬಾಯಿ ಎಲ್ಲಿಂದ ಬಂತು ಅಂತ ಕೇಳ್ತಿದ್ಳು.

ಆದ್ರ ಅವತ್ತು ರಾತ್ರಿ ಬೆಂಚಿನ ಮ್ಯಾಲ ನನಗ ಕೈ ಹಿಡದದ್ದು ತತ್ವ ಅಲ್ಲ, ಒಂದು ಸ್ಕ್ಯಾನ್. 2006ರಾಗ ಇಂಗ್ಲೆಂಡಿನ ಕೇಂಬ್ರಿಜ್‌ದಾಗ ಏಡ್ರಿಯನ್ ಓವನ್ ಅನ್ನೋವರು ಮಾಡಿದ್ದು. 23 ವರ್ಷದ ಒಬ್ಬ ಹೆಣ್ಣುಮಗಳು, ಗಾಡಿ ಅಪಘಾತ ಆಗಿ ತಿಂಗಳಗಟ್ಟಲೆ ಬಿದ್ದಾಳ. ಕಣ್ಣ ತೆರೀತಾಳ, ಆದ್ರ ಯಾವ ಮಾತಿಗೂ ಓಗೊಡಲ್ಲ. ಡಾಕ್ಟರ್ ಮಂದಿ ಖಬರಿಲ್ಲ ಅಂತ ಬರದುಬಿಟ್ಟಾರ. ಅಕಿಗಿ ಸ್ಕ್ಯಾನ್ ಮಷೀನ್‌ದಾಗ ಮಲಗಿಸಿ, "ಟೆನಿಸ್ ಆಡಿದಂಗ ನೆನಸು" ಅಂದ್ರು. ಮಿದುಳಿನ್ಯಾಗ ಕೈಕಾಲು ಹಂದಸಲಿಕ್ಕ ಸಜ್ಜು ಮಾಡೋ ಭಾಗ ಬೆಳಗ್ತು. "ನಿನ್ನ ಮನ್ಯಾಗ ಒಂದು ಖೋಲಿಯಿಂದ ಇನ್ನೊಂದು ಖೋಲಿಗಿ ಅಡ್ಡಾಡಿದಂಗ ನೆನಸು" ಅಂದ್ರು. ಹಾದಿ ಜಾಗ ನೆನಪಿಡೋ ಭಾಗ ಬೆಳಗ್ತು. ಆರಾಮಿದ್ದ ಮಂದಿಗಿ ಹ್ಯಾಂಗ ಆಗ್ತದೋ ಹಂಗೇ. ಬೆರಳ ಹಂದಸಲಿಕ್ಕ ಆಗದಾಕಿ ತನ್ನ ಮನ್ಯಾಗ ಅಡ್ಡಾಡಿ ಬಂದಿದ್ಳು. 2024ರಾಗ ಇನ್ನೊಂದು ದೊಡ್ಡ ಅಧ್ಯಯನ ಬಂತು. ಕರದ್ರ ಓಗೊಡದ 241 ಮಂದಿಗಿ ಇಂಥಾ ಪರೀಕ್ಷಾ ಮಾಡಿದಾಗ 60 ಮಂದಿ ಒಳಗ ಹೇಳಿದ ಕೆಲಸ ಮಾಡಿದ್ರು. ನಾಲ್ವರಾಗ ಒಬ್ಬರು.

ನಾಲ್ವರಾಗ ಒಬ್ಬರು ಅಂದ್ರ ಅತ್ತಿ ಆ ಒಬ್ಬಾಕಿ ಅಂತಲ್ಲ. ಅದು ನನಗೂ ಗೊತ್ತಿತ್ತು. ಸ್ಕ್ಯಾನ್ ತೋರಸೋದೂ ಮಿದುಳಿನ ಬೆಳಕೇ, ದಾಲ್ ಮಿಲ್ಲಿನ ರೋಲರ್ ತಿರಗಿದ್ದೇ ಅನ್ನೋರು ಅನ್ನಬಹುದು. ಆದ್ರ "ಗೊತ್ತಾಗಲ್ಲ" ಅನ್ನೋ ಮಾತನ್ನ ಗಟ್ಟಿಯಾಗಿ ಹೇಳೋ ಹಕ್ಕು ಯಾರಿಗೂ ಉಳದಿಲ್ಲ ಅಂತ ತೋರಸಲಿಕ್ಕ ಅಷ್ಟು ಸಾಕು. ಮರುದಿನ ಅತ್ತಿ ಹಿರಿ ಮಗ, ನಮ್ಮ ಭಾವ, ಚಾ ಕುಡೀಲಿಕ್ಕ ಹೋದಾಗ ಹಿಂದ ಹೋಗಿ ಎಲ್ಲಾ ಹೇಳಿದೆ. "ಆಸ್ತಿ ಮಾತು ಆಡ್ರಿ ಭಾವ, ಬ್ಯಾಡ ಅನ್ನಲ್ಲ, ಆದ್ರ ಕ್ಯಾಂಟೀನ್‌ದಾಗ ಕೂತು ಆಡ್ರಿ. ನಳಿಗಿ ಮಾತು ಇನ್ನೊಂದು ವಾರ ಬ್ಯಾಡ" ಅಂದೆ. ಭಾವ ಭಾಳೊತ್ತು ಕಪ್ಪು ಬಸಿ ನೋಡಕೊಂತ ಕೂತ್ರು. ಆಮ್ಯಾಲ, "ಅವ್ವ ಕೇಳಸಕೊಂಡಿದ್ರ?" ಅಂದ್ರು. ಅಷ್ಟೇ. ಆ ಮ್ಯಾಲಿಂದ ಹಾಸಿಗಿ ಹಂತೇಕ ಮಳಿ, ತೊಗರಿ, ಮೊಮ್ಮಗಳ ಸಾಲಿ, ಇವೇ ಮಾತು. ವೈನಿ ದಿನಾ ಹೋಗಿ, "ಅತ್ತಿ, ನಿಮ್ಮ ಎಮ್ಮಿ ಈದದ, ಹೆಣಗರು" ಅಂತ ಕಿವ್ಯಾಗ ಹೇಳಿ ಬರ್ತಿದ್ಳು. ಒಂಬತ್ತನೇ ದಿನ ಅತ್ತಿ ಕರದದ್ದಕ್ಕ ಕಣ್ಣ ತೆರದ್ಳು. ಯಾರ ಮಾತಿಂದ ತೆರದ್ಳು ಅಂತ ನಾ ಹೇಳ್ಲತ್ತಿಲ್ಲ. ಮಿದುಳಿನ ಬಾವು ಇಳೀತು, ತೆರದ್ಳು ಅಂತ ಡಾಕ್ಟರ್ ಹೇಳಿದ್ರು, ಅದೇ ಸರಿ.

ಈಗ ಖರೇ ತೊಡಕು ಕೇಳ್ರಿ. ಅತ್ತಿಗಿ ಹೊಡದದ್ದು ಎಡಗಡಿ ಮಿದುಳಿಗಿ, ಮಾತಿನ ಜಾಗಕ್ಕೇ. ಕಣ್ಣ ತೆರದ್ಳು, ನಮ್ಮ ಗುರ್ತು ಹಿಡದ್ಳು, ಸೊಸಿ ಕೈ ಹಿಡದು ಅತ್ಳು, ಆದ್ರ ಬಾಯಿಂದ ಬರೋದು ಒಂದೇ, "ಹೂಂ". ಹೌದಕ್ಕೂ ಹೂಂ, ಅಲ್ಲಕ್ಕೂ ಹೂಂ, ಸಿಟ್ಟಿಗೂ ಹೂಂ. 1861ರಾಗ ಪ್ಯಾರಿಸ್‌ದಾಗ ಬ್ರೋಕಾ ಅನ್ನೋ ಡಾಕ್ಟರ್ ಮುಂದ ಬಂದ ಒಬ್ಬ ರೋಗಿಗಿ "ಟ್ಯಾನ್" ಅನ್ನೋದು ಬಿಟ್ಟು ಬ್ಯಾರೆ ಮಾತೇ ಬರ್ತಿದ್ದಿಲ್ಲಂತ, ಮಂದಿ ಅವನಿಗಿ ಟ್ಯಾನ್ ಅಂತೇ ಕರೀತಿದ್ರು. ಅಂವ ಸತ್ತ ಮ್ಯಾಲ ಮಿದುಳು ನೋಡಿ, ಎಡಗಡಿ ಮುಂದಿನ ಒಂದು ಜಾಗ ಕೆಟ್ಟದ್ದು ಬ್ರೋಕಾ ತೋರಿಸಿದ. ಅದೇ ಜಾಗ ಅತ್ತಿದೂ. ಆ ಎಂಟು ದಿನ ನಾವು ಆಡಿದ್ದು ಕೇಳಿಸಿತ್ತೇನು ಅಂತ ಅಕಿಗಿ ಕೇಳಿದ್ರ ಅಕಿ ನನ್ನ ಮಾರಿ ನೋಡಿ "ಹೂಂ" ಅಂತಾಳ. ಭಾವ ಕೇಳಿದ್ರೂ ಹೂಂ. ಅದು ಯಾವ ಹೂಂ ಅಂತ ಅವರು ಇನ್ನೂ ಯೋಚನಿ ಮಾಡ್ಲತ್ತಾರ.

ಆದ್ರ ಒಂದು ಹೇಳ್ತೀನಿ. ಹೋದ ವಾರ ಸೊಸಿ ಮಗಳಿಗಿ ತೊಟ್ಟಲದಾಗ ಹಾಕಿ ಜೋಗುಳ ಶುರು ಮಾಡಿದ್ಳು, ನಡಬರಕ ಮರತು ನಿಂತ್ಳು. ಮಂಚದ ಮ್ಯಾಲಿಂದ ಅತ್ತಿ ಮುಂದಿನ ನುಡಿ ಪೂರಾ ಹಾಡಿದ್ಳು, ಅಕ್ಷರ ತಪ್ಪದಂಗ. ಲಕ್ವಾದಿಂದ ಮಾತು ಹೋದವರಿಗಿ ಹಾಡು ಉಳಿಯೋದು ಉಂಟು ಅಂತ ಡಾಕ್ಟರ್ ಅಂತಾರ, ಹಾಡಿಗಿ ಬಲಗಡಿ ಮಿದುಳೂ ಕೈಗೂಡಸ್ತದಂತ. ಹಾಡು ಮುಗದ ಮ್ಯಾಲ "ಅತ್ತಿ, ಇನ್ನೊಂದು ಹಾಡ್ರಿ" ಅಂದ್ರ, ಹೂಂ.

ನಮ್ಮ ಅಣ್ಣನ ಮಗ ಬೆಂಗಳೂರಿನ್ಯಾಗ ಕಂಪ್ಯೂಟರ್ ಕೆಲಸದಾಗದಾನ. ಬಂದವನೇ ಮೊಬೈಲಿಗಿ ಕನ್ನಡದಾಗ ಪ್ರಶ್ನಿ ಕೇಳಿದ, ಅದು ಛಲೋ ಉತ್ತರ ಕೊಡ್ತು, "ನನಗ ಖುಷಿ ಆಯ್ತು" ಅಂತನೂ ಅಂತು. "ನೋಡು ಅತ್ತಿ, ಇದಕ್ಕ ಅರಿವಿಲ್ಲ ಅಂತ ನೀ ಹ್ಯಾಂಗ ಹೇಳ್ತಿ?" ಅಂದ ನನಗ. ಒಂದು ಕಡಿ ಮಾತೆಲ್ಲಾ ಇದ್ದು ಒಳಗ ಯಾರದಾರಂತ ಗೊತ್ತಿಲ್ಲದ್ದು ಅವನ ಕೈಯಾಗ, ಇನ್ನೊಂದು ಕಡಿ ಮಾತೇ ಇಲ್ಲದ ಅತ್ತಿ ಮಂಚದ ಮ್ಯಾಲ. ನಾ ಅವನಿಗಿ, ಮೊದಲು ಅದನ್ನ ಇಟ್ಟು ಅಜ್ಜಿ ಕಾಲ ಒತ್ತು ಹೋಗು ಅಂದೆ. ಒತ್ತಿದ. ಜೋರ ಒತ್ತಿದ್ದಕ್ಕ ಎಡಗಾಲಿಲೆ ಅಕಿ ಅವನ ಕೈ ಸರಿಸಿದ್ಳು.

ಯಾರಾರ ಅತ್ತಿಗಿ ನೋಡಲಿಕ್ಕ ಕಮಲಾಪುರಕ್ಕ ಹೋಗೋರಿದ್ರ ಕೆಲವು ಮಾತು. ಅಕಿ ಎಡಬಾಜೂ ಕೂಡ್ರಿ, ಬಲಗಡಿ ನಿಂತ್ರ ಅಕಿಗಿ ಸರಿ ಕಾಣಲ್ಲ. ಒಂದು ಸಲಕ್ಕ ಒಂದೇ ಮಾತು ಕೇಳ್ರಿ, ಚಾ ಬೇಕೇನು ಹಾಲ ಬೇಕೇನು ಅಂತ ಕೂಡಿಸಿ ಕೇಳಬ್ಯಾಡ್ರಿ, ಎರಡೂ ಬಟ್ಟಲಾ ತೋರಸ್ರಿ, ಬೆರಳ ಮಾಡ್ತಾಳ. ಅಕಿ ಹುಡುಕ್ಲತ್ತಿದ್ರ ಕಾಯ್ರಿ, ಅಕಿ ಮಾತು ನೀವು ಮುಗಸಬ್ಯಾಡ್ರಿ. ಅಕಿ ಬಗ್ಗೆ ಅಕಿ ಮುಂದೇ "ಪಾಪ, ಹ್ಯಾಂಗಿದ್ದಾಕಿ ಹ್ಯಾಂಗಾದ್ಳು" ಅನ್ನೋದು ಪೂರಾ ಬಂದ್. ಕಡಕ್ ರೊಟ್ಟಿ, ಶೇಂಗಾ ಹಿಂಡಿ ಒಯ್ಯಬ್ಯಾಡ್ರಿ, ಇನ್ನೂ ನುಂಗಲಿಕ್ಕ ತ್ರಾಸದ. ಬಾಳಿಹಣ್ಣಂತೂ ಬ್ಯಾಡೇ ಬ್ಯಾಡ, ಅಲ್ಲೇ ಗೊನಿ ಬಿಟ್ಟದ, ಕೆಂಪಂದು ಕಿವುಚಿ ಹಾಲಿನ್ಯಾಗ ಕಲಸಿ ಕೊಡ್ತಾರ. ಹೋದ ಐತವಾರ ಯಾರೋ ಪೇಟಿಯಿಂದ ಹಳದಿ ಬಾಳಿ ಒಯ್ದಿದ್ರಂತ, ಬಟ್ಟಲಾ ನೋಡೇ ದೂಡಿಬಿಟ್ಳಂತ.